ಸರಿಯಾದ ಬ್ಲೇಡಿನ ಹುಡುಕಾಟ: ಕಿಂಗ್ ಕ್ಯಾಂಪ್ ಜಿಲೆಟ್ ಅವರ ಜೀವನ

ನಾವು ದಿನನಿತ್ಯ ಬಳಸುವ ಕೆಲವು ವಸ್ತುಗಳಿಗೆ ಅವನ್ನು ಕಂಡುಹಿಡಿದವರ ಹೆಸರೇ ಅಂಟಿಕೊಂಡಿರುತ್ತದೆ. ಡೀಸೆಲ್ ಎಂಬುದು ಒಬ್ಬ ಜರ್ಮನ್ ಎಂಜಿನಿಯರರ ಮನೆತನದ ಹೆಸರು ಎಂದು ಲಾರಿಗೆ ಡೀಸೆಲ್ ತುಂಬಿಸುವವರು ಯೋಚಿಸುವುದಿಲ್ಲ. ಹಾಗೆಯೇ ಜಿಲೆಟ್ ಎಂದರೆ ಬಚ್ಚಲುಮನೆಯ ಕಪಾಟಿನಲ್ಲಿರುವ ಒಂದು ಕಂಪನಿಯ ಹೆಸರು ಎಂದಷ್ಟೇ ನಮ್ಮ ಮಕ್ಕಳಿಗೆ ಗೊತ್ತು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯರಿದ್ದರು. ಊರೂರು ಅಲೆದು ಸರಕು ಮಾರಿದರು, ಸರಿಯಾದ ಒಂದು ಬ್ಲೇಡಿಗಾಗಿ ವರ್ಷಗಟ್ಟಲೆ ಕಾದರು, ಕೋಟಿಗಟ್ಟಲೆ ಗಳಿಸಿದರು, ಕೊನೆಗೆ ಬಹುಪಾಲು ಕಳೆದುಕೊಂಡರು. ಅವರ ಬದುಕಿನಲ್ಲಿ ನಮ್ಮ ಮಕ್ಕಳು ಕಲಿಯಬೇಕಾದ್ದು ಇದೆ, ಪೋಷಕರು ಯೋಚಿಸಬೇಕಾದ್ದೂ ಇದೆ. ಆದ್ದರಿಂದ ಈ ಸಲದ ಸಂಚಿಕೆಗೆ ಅವರ ಜೀವನವನ್ನೇ ಆರಿಸಿಕೊಂಡಿದ್ದೇವೆ.

ಮೊದಲು ಹೇಗಿತ್ತು?

ಜಿಲೆಟ್ ಮಾಡಿದ್ದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯಬೇಕಾದರೆ ಅದಕ್ಕೂ ಹಿಂದಿನ ಕಾಲವನ್ನು ನೋಡಬೇಕು. ನಮ್ಮ ಅಜ್ಜ, ಮುತ್ತಜ್ಜಂದಿರ ಹಳ್ಳಿಗಳಲ್ಲಿ ಗಡ್ಡ ತೆಗೆಯುವುದು ಒಬ್ಬರೇ ಮಾಡಿಕೊಳ್ಳುವ ಕೆಲಸವಾಗಿರಲಿಲ್ಲ. ಕ್ಷೌರಿಕರು ತಮ್ಮ ಹಡಪ ಹಿಡಿದು ಮನೆಯ ಜಗಲಿಗೇ ಬರುತ್ತಿದ್ದರು. ಹಡಪದಲ್ಲಿ ಕ್ಷೌರದ ಕತ್ತಿ, ಸಾಣೆಕಲ್ಲು, ಕತ್ತಿ ಮಸೆಯುವ ಚರ್ಮದ ಪಟ್ಟಿ, ನೀರಿನ ಬಟ್ಟಲು, ಒಂದು ಕನ್ನಡಿ ಇರುತ್ತಿದ್ದವು. ಅವರು ಊರಿನ ಆಯಗಾರರಲ್ಲಿ ಒಬ್ಬರು. ಕೂಲಿಯನ್ನು ದಿನದಿನಕ್ಕೆ ಹಣದಲ್ಲಿ ಅಲ್ಲ, ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಪಡೆಯುತ್ತಿದ್ದರು. ಮಂಗಳವಾರ ಆಗದು, ಅಮಾವಾಸ್ಯೆಯಂದು ಆಗದು ಎಂಬ ಕಟ್ಟಳೆಗಳೂ ಇದ್ದವು. ಹೀಗಾಗಿ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಗಡ್ಡ ತೆಗೆಸುವುದು ಸಾಮಾನ್ಯವಾಗಿತ್ತು.

ಅಮೆರಿಕದಲ್ಲೂ ಪರಿಸ್ಥಿತಿ ಬಹಳ ಬೇರೆಯಾಗಿರಲಿಲ್ಲ. ಹಣವಿದ್ದವರು ಕ್ಷೌರದಂಗಡಿಗೆ ಹೋಗುತ್ತಿದ್ದರು. ಧೈರ್ಯವಿದ್ದವರು ಮನೆಯಲ್ಲೇ ಮಡಚುವ ಉದ್ದ ಕತ್ತಿಯನ್ನು ಬಳಸುತ್ತಿದ್ದರು. ಅದನ್ನು ಪ್ರತಿಸಲ ಚರ್ಮದ ಪಟ್ಟಿಯ ಮೇಲೆ ಎಳೆಯಬೇಕು, ಆಗಾಗ ಸಾಣೆ ಹಿಡಿಸಬೇಕು, ಕೈ ಸ್ವಲ್ಪ ನಡುಗಿದರೂ ರಕ್ತ. 18ನೆಯ ಶತಮಾನದಲ್ಲೇ ಫ್ರಾನ್ಸಿನ ಜಾನ್ ಜಾಕ್ ಪೆರೆ ಎಂಬ ಕತ್ತಿ ತಯಾರಕರು ಅಲಗಿಗೆ ಮರದ ತಡೆ ಜೋಡಿಸಿ, ಚರ್ಮಕ್ಕೆ ಆಳವಾಗಿ ತಾಗದಂತೆ ಮಾಡಿದ್ದರು. 1880ರ ವೇಳೆಗೆ ನ್ಯೂಯಾರ್ಕಿನ ಕ್ಯಾಂಪ್‌ಫೆ ಸಹೋದರರು ಸ್ಟಾರ್ ಎಂಬ ಸೇಫ್ಟಿ ರೇಜರನ್ನು ಮಾಡಿದರು. ಆದರೆ ಅದರ ಅಲಗು ದಪ್ಪ ಉಕ್ಕಿನದು. ಅದನ್ನೂ ಹೊರತೆಗೆದು ಮಸೆಯಲೇಬೇಕಿತ್ತು. ಸುರಕ್ಷಿತ ರೇಜರ್ ಬಂದಿತ್ತು, ಅದಕ್ಕೆ ತಕ್ಕ ಬ್ಲೇಡು ಇನ್ನೂ ಬಂದಿರಲಿಲ್ಲ. ಈ ಮಾತನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು.

ಬೆಂಕಿಯಲ್ಲಿ ಹೋದ ಮನೆ

ಕಿಂಗ್ ಕ್ಯಾಂಪ್ ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ. ಕಿಂಗ್ ಎಂಬುದು ಬಿರುದಲ್ಲ, ತಂದೆತಾಯಿ ಇಟ್ಟ ಹೆಸರು. ತಾಯಿಯ ತವರಿನ ಹೆಸರು ಕ್ಯಾಂಪ್. ಅವರು ಚಿಕ್ಕವರಿದ್ದಾಗಲೇ ಕುಟುಂಬ ಶಿಕಾಗೋ ನಗರಕ್ಕೆ ಬಂದು ನೆಲೆಸಿತು. ತಂದೆಗೆ ಹೊಸ ಹೊಸ ಉಪಕರಣಗಳನ್ನು ಮಾಡಿನೋಡುವ ಹುಚ್ಚು. ಮನೆಯ ಮಕ್ಕಳಿಗೂ ಅದೇ ಅಭ್ಯಾಸವಾಯಿತು. ಯಾವುದಾದರೂ ವಸ್ತು ಕೈಗೆ ಸಿಕ್ಕಿದರೆ ಅದು ಹೇಗೆ ಕೆಲಸ ಮಾಡುತ್ತದೆ, ಇನ್ನೂ ಚೆನ್ನಾಗಿ ಮಾಡಬಹುದೇ ಎಂದು ನೋಡುವ ಮನೆ ಅದು. ತಾಯಿ ಫ್ಯಾನಿ ಕೂಡ ಸಾಮಾನ್ಯರಲ್ಲ. ಅವರು ಬರೆದ ದಿ ವೈಟ್ ಹೌಸ್ ಕುಕ್ ಬುಕ್ ಎಂಬ ಅಡುಗೆ ಪುಸ್ತಕ 1887ರಲ್ಲಿ ಪ್ರಕಟವಾಗಿ ಹಲವು ದಶಕಗಳ ಕಾಲ ಅಮೆರಿಕದ ಮನೆಗಳಲ್ಲಿ ಉಳಿಯಿತು.

1871ರ ಅಕ್ಟೋಬರಿನಲ್ಲಿ ಶಿಕಾಗೋ ನಗರಕ್ಕೆ ಬೆಂಕಿ ಬಿದ್ದಿತು. ಇತಿಹಾಸದಲ್ಲಿ ಅದಕ್ಕೆ ಶಿಕಾಗೋ ಮಹಾ ಅಗ್ನಿದುರಂತ ಎಂದೇ ಹೆಸರು. ಜಿಲೆಟ್ ಕುಟುಂಬದ ವ್ಯಾಪಾರ ಅದರಲ್ಲಿ ಬೂದಿಯಾಯಿತು. ಕಿಂಗ್ ಅವರಿಗೆ ಆಗ ವಯಸ್ಸು 16. ನಮ್ಮ ಹೈಸ್ಕೂಲು ಮಕ್ಕಳು ಕಾರು ಓಡಿಸಲು ಲೈಸೆನ್ಸ್ ಪಡೆಯುವ ವಯಸ್ಸಿನಲ್ಲಿ ಅವರು ದುಡಿಮೆಗೆ ಇಳಿಯಬೇಕಾಯಿತು. ಹೆಚ್ಚು ಓದಲು ಅವಕಾಶವಾಗಲಿಲ್ಲ. ಸರಕಿನ ಪೆಟ್ಟಿಗೆ ಹಿಡಿದು ಊರಿಂದೂರಿಗೆ ಹೋಗುವ ಮಾರಾಟಗಾರರಾದರು. ಮುಂದಿನ ಮೂವತ್ತು ವರ್ಷ ಅದೇ ಅವರ ಜೀವನೋಪಾಯ. ಬಿಡುವಿನಲ್ಲಿ ಸಣ್ಣಪುಟ್ಟ ಉಪಕರಣಗಳನ್ನು ಮಾಡಿ ಕೆಲವಕ್ಕೆ ಪೇಟೆಂಟನ್ನೂ ಪಡೆದರು. ಆದರೆ ಅವುಗಳಿಂದ ಹಣ ಬಂದದ್ದು ಅಷ್ಟಕ್ಕಷ್ಟೇ. 1890ರಲ್ಲಿ ಮದುವೆಯಾಯಿತು, ಒಬ್ಬ ಮಗ ಹುಟ್ಟಿದ.

ಮುಚ್ಚಳದಿಂದ ಕಲಿತ ಪಾಠ

1891ರ ಹೊತ್ತಿಗೆ ಅವರು ಬಾಲ್ಟಿಮೋರಿನ ಒಂದು ಕಂಪನಿಗೆ ಸೇರಿದರು. ಮುಂದೆ ಅದು ಕ್ರೌನ್ ಕಾರ್ಕ್ ಅಂಡ್ ಸೀಲ್ ಎಂದು ಹೆಸರಾಯಿತು. ವಿಲಿಯಂ ಪೇಂಟರ್ ಎಂಬವರು ಅದರ ಮುಖ್ಯಸ್ಥರು. ಸೋಡಾ ಬಾಟಲಿಯ ಮೇಲೆ ಅಂಚು ನಿರಿಗೆ ನಿರಿಗೆಯಾಗಿರುವ ತಗಡಿನ ಮುಚ್ಚಳವನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಕಂಡುಹಿಡಿದವರು ಇದೇ ಪೇಂಟರ್. 1892ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಂದು ಬಾಟಲಿಗೆ ಒಂದು ಮುಚ್ಚಳ, ತೆರೆದ ಮೇಲೆ ಎಸೆಯುವುದು, ಮತ್ತೆ ಹೊಸದು ಬೇಕು. ಈ ಚಿಕ್ಕ ವಸ್ತುವಿನಿಂದಲೇ ಅವರು ಶ್ರೀಮಂತರಾದರು.

ಒಮ್ಮೆ ಬಳಸಿ ಎಸೆಯುವಂಥ, ಮತ್ತೆ ಮತ್ತೆ ಕೊಳ್ಳಬೇಕಾಗುವಂಥ ಏನನ್ನಾದರೂ ಯೋಚಿಸು ಎಂದು ಪೇಂಟರ್ ತಮ್ಮ ಮಾರಾಟಗಾರರಿಗೆ ಬುದ್ಧಿ ಹೇಳಿದರಂತೆ. ಜಿಲೆಟ್ ಆ ಮಾತನ್ನು ಮನಸ್ಸಿನಿಂದ ತೆಗೆಯಲಿಲ್ಲ. ರೈಲಿನಲ್ಲಿ, ಹೋಟೆಲಿನ ಕೋಣೆಯಲ್ಲಿ, ಎಲ್ಲಿದ್ದರೂ ಅದೇ ಧ್ಯಾನ. ಮನುಷ್ಯನ ಅಗತ್ಯಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದರೂ ನಾಲ್ಕು ವರ್ಷ ಏನೂ ಹೊಳೆಯಲಿಲ್ಲ.

1895ರಲ್ಲಿ, ಬಾಸ್ಟನ್ ಬಳಿಯ ಬ್ರೂಕ್‌ಲೈನ್‌ನಲ್ಲಿದ್ದ ಮನೆಯಲ್ಲಿ, ಒಂದು ಬೆಳಿಗ್ಗೆ ಗಡ್ಡ ಮಾಡಿಕೊಳ್ಳಲು ನಿಂತಾಗ ರೇಜರ್ ಮೊಂಡಾಗಿತ್ತು. ಚರ್ಮದ ಪಟ್ಟಿಗೆ ಎಳೆದರೆ ಸರಿಹೋಗುವ ಸ್ಥಿತಿಯಲ್ಲೂ ಅದಿರಲಿಲ್ಲ, ಸಾಣೆಗೆ ಕೊಡಬೇಕಿತ್ತು. ಆಗ ಅವರಿಗೆ ಉತ್ತರ ಕಾಣಿಸಿತು. ಕೂದಲನ್ನು ಕತ್ತರಿಸುವುದು ಕತ್ತಿಯ ತುದಿಯ ಅಂಚು ಮಾತ್ರ. ಹಿಂದಿನ ದಪ್ಪ ಉಕ್ಕೆಲ್ಲ ಆ ಅಂಚನ್ನು ಹಿಡಿದುಕೊಳ್ಳಲು ಇರುವುದು. ಹಾಗಿದ್ದ ಮೇಲೆ ಕಾಗದದಂಥ ತೆಳು ಉಕ್ಕಿನ ಹಾಳೆಗೆ ಎರಡೂ ಕಡೆ ಅಂಚು ಕೊಟ್ಟು, ಅದನ್ನು ಎರಡು ತಗಡುಗಳ ನಡುವೆ ಬಿಗಿಯಾಗಿ ಹಿಡಿದರೆ ಸಾಲದೇ? ಮೊಂಡಾದರೆ ಮಸೆಯುವ ಗೋಜಿಲ್ಲ, ತೆಗೆದು ಎಸೆದರಾಯಿತು.

ಯಾರಿಂದಲೂ ಆಗದ ಕೆಲಸ

ಜೀವನಚರಿತ್ರೆಗಳು ಸಾಮಾನ್ಯವಾಗಿ ಇಂಥ ಒಂದು ಬೆಳಗಿನ ಕಥೆಯನ್ನು ಹೇಳಿ ಮುಂದೆ ಓಡುತ್ತವೆ. ಆದರೆ ಜಿಲೆಟ್ ಅವರ ನಿಜವಾದ ಪರೀಕ್ಷೆ ಶುರುವಾದದ್ದು ಆ ಬೆಳಗಿನ ನಂತರ. ಅವರು ಅಂಗಡಿಯಿಂದ ಸಾಮಾನು ತಂದು ಮಾದರಿ ಮಾಡಿದರು. ಕೆಲವೇ ತಿಂಗಳಲ್ಲಿ ಮುಗಿಯಬಹುದೆಂದು ಭಾವಿಸಿದ್ದ ಕೆಲಸ ಆರು ವರ್ಷ ಕಳೆದರೂ ಮುಗಿಯಲಿಲ್ಲ.

ತೊಂದರೆ ಇದ್ದದ್ದು ಉಕ್ಕಿನಲ್ಲಿ. ಉಕ್ಕು ಹರಿತವನ್ನು ಹಿಡಿದಿಡಬೇಕಾದರೆ ಗಟ್ಟಿಯಾಗಬೇಕು. ಗಟ್ಟಿಯಾಗಲು ಅದನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಬೇಕು. ನಮ್ಮ ಹಳ್ಳಿಯ ಕಮ್ಮಾರರು ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದುವುದು ಇದೇ ಕಾರಣಕ್ಕೆ. ಆದರೆ ಹಾಗೆ ತಣಿಸಿದ ಉಕ್ಕು ಗಾಜಿನಂತೆ ಬೇಗ ಒಡೆಯುತ್ತದೆ. ಅದಕ್ಕೇ ಮತ್ತೊಮ್ಮೆ ಹಿತವಾಗಿ ಕಾಯಿಸಿ ಹದ ಮಾಡಬೇಕು. ದಪ್ಪ ಕತ್ತಿಗೆ ಇದು ಸರಿ. ಕಾಗದದಂಥ ಹಾಳೆಯನ್ನು ಹಾಗೆ ಕಾಯಿಸಿ ತಣಿಸಿದರೆ ಹಪ್ಪಳ ಎಣ್ಣೆಗೆ ಬಿದ್ದಂತೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಬ್ಲೇಡಿಗೆ ನೇರ ಅಂಚು ಬರುವುದಿಲ್ಲ.

ಜಿಲೆಟ್ ಕತ್ತಿ ತಯಾರಕರನ್ನು ಕೇಳಿದರು, ಕಮ್ಮಟದವರನ್ನು ಕೇಳಿದರು. ಪ್ರಸಿದ್ಧ ಎಂ.ಐ.ಟಿ. ಸಂಸ್ಥೆಯ ಲೋಹತಜ್ಞರೂ ಇದು ಆಗುವ ಕೆಲಸವಲ್ಲ ಎಂದರು. ಅವರ ಮಾತು ಆ ಕಾಲದ ಜ್ಞಾನಕ್ಕೆ ಸರಿಯಾಗಿಯೇ ಇತ್ತು. ಜಿಲೆಟ್ ತಾಂತ್ರಿಕ ಶಿಕ್ಷಣ ಪಡೆದವರಲ್ಲ. ಪಡೆದಿದ್ದರೆ ಬಹುಶಃ ಅಲ್ಲಿಗೇ ಬಿಟ್ಟುಬಿಡುತ್ತಿದ್ದರೇನೋ.

ಕೊನೆಗೆ ಸಿಕ್ಕಿದವರು ವಿಲಿಯಂ ಎಮೆರಿ ನಿಕರ್‌ಸನ್. ಅವರು ಅದೇ ಎಂ.ಐ.ಟಿ.ಯಲ್ಲಿ ಓದಿದವರು, ಯಂತ್ರಗಳನ್ನು ರೂಪಿಸುವುದರಲ್ಲಿ ಪಳಗಿದವರು. ಅವರೂ ಮೊದಲು ಹಿಂಜರಿದರು, ನಂತರ ಒಪ್ಪಿದರು. ತೆಳು ಉಕ್ಕಿನ ಹಾಳೆಯನ್ನು ಹದಗೊಳಿಸುವ ಕ್ರಮವನ್ನೂ, ಅದಕ್ಕೆ ಅಂಚು ಕೊಡುವ ಯಂತ್ರಗಳನ್ನೂ ರೂಪಿಸಿದರು. ಸರಿಯಾದ ಬ್ಲೇಡು ಕೊನೆಗೂ ಹುಟ್ಟಿತು. 1901ರ ಸೆಪ್ಟೆಂಬರಿನಲ್ಲಿ ಅಮೆರಿಕನ್ ಸೇಫ್ಟಿ ರೇಜರ್ ಕಂಪನಿ ಎಂಬ ಹೆಸರಿನಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷ ಅದಕ್ಕೆ ಜಿಲೆಟ್ ಹೆಸರು ಬಂತು. ನಿಕರ್‌ಸನ್ ಹೆಸರನ್ನು ಯಾಕೆ ಇಡಲಿಲ್ಲ ಎಂಬುದಕ್ಕೆ ಒಂದು ತಮಾಷೆಯ ಕಾರಣ ಹೇಳುತ್ತಾರೆ. ಇಂಗ್ಲಿಷಿನಲ್ಲಿ ನಿಕ್ ಎಂದರೆ ಸಣ್ಣ ಗಾಯ. ಗಾಯ ಎಂಬ ಹೆಸರಿನ ರೇಜರನ್ನು ಯಾರು ಕೊಳ್ಳುತ್ತಾರೆ? ಹೀಗೆ ಜಗತ್ತು ಒಬ್ಬರ ಹೆಸರನ್ನು ನೆನಪಿಟ್ಟುಕೊಂಡಿತು, ಇನ್ನೊಬ್ಬರನ್ನು ಮರೆಯಿತು. ಮಕ್ಕಳೇ, ಯಾವ ದೊಡ್ಡ ಕೆಲಸವನ್ನೂ ಒಬ್ಬರೇ ಮಾಡಿರುವುದಿಲ್ಲ. ಹೆಸರಿನ ಹಿಂದೆ ನಿಂತವರನ್ನು ಹುಡುಕಿ ತಿಳಿಯುವುದು ಒಳ್ಳೆಯ ಅಭ್ಯಾಸ.

51 ರೇಜರುಗಳಿಂದ ಜಗತ್ತಿಗೆ

ಬ್ಲೇಡು ಸಿದ್ಧವಾಯಿತು, ಹಣ ಮುಗಿದಿತ್ತು. ಕಂಪನಿ ಸಾಲದಲ್ಲಿತ್ತು. ಬಾಸ್ಟನ್ನಿನ ಜಾನ್ ಜಾಯ್ಸ್ ಎಂಬ ಬಿಯರ್ ವ್ಯಾಪಾರಿ ಬಂಡವಾಳ ಹಾಕಿ ಕೈಹಿಡಿದರು. 1903ರಲ್ಲಿ ಮಾರಾಟ ಪ್ರಾರಂಭವಾಯಿತು. ಆ ಇಡೀ ವರ್ಷ ಮಾರಾಟವಾದದ್ದು 51 ರೇಜರುಗಳು ಮತ್ತು 168 ಬ್ಲೇಡುಗಳು. ಎಂಟು ವರ್ಷದ ತಪಸ್ಸಿಗೆ ಇಷ್ಟೇ ಫಲವೇ ಎಂದು ಬೇರೆಯವರಾದರೆ ಕೈಚೆಲ್ಲುತ್ತಿದ್ದರು. ಮರುವರ್ಷ 1904ರಲ್ಲಿ 90,000ಕ್ಕೂ ಹೆಚ್ಚು ರೇಜರುಗಳು, 1,20,000ಕ್ಕೂ ಹೆಚ್ಚು ಬ್ಲೇಡುಗಳು ಹೋದವು. ಆ ವರ್ಷದ ನವೆಂಬರ್ 15ರಂದು ಪೇಟೆಂಟ್ ಕೈಗೆ ಬಂತು. ಅದರ ಸಂಖ್ಯೆ 7,75,134.

ರೇಜರನ್ನು ಬಿಟ್ಟಿ ಕೊಟ್ಟು ಬ್ಲೇಡಿನಲ್ಲಿ ಲಾಭ ಮಾಡಿದವರು ಜಿಲೆಟ್ ಎಂದು ವ್ಯಾಪಾರದ ಪಾಠಗಳಲ್ಲಿ ಹೇಳುವುದುಂಟು. ಇದು ಸರಿಯಲ್ಲ. ಮೊದಲ ರೇಜರಿನ ಬೆಲೆ 5 ಡಾಲರು. ಆಗಿನ ಕಾರ್ಮಿಕರಿಗೆ ಅದು ಸುಮಾರು ಅರ್ಧ ವಾರದ ಕೂಲಿ. ಪೇಟೆಂಟಿನ ಅವಧಿ ಇದ್ದಷ್ಟು ಕಾಲ ಬೆಲೆ ಹೆಚ್ಚಾಗಿಯೇ ಇತ್ತು. 1921ರಲ್ಲಿ ಅವಧಿ ಮುಗಿದು ಬೇರೆಯವರೂ ಮಾಡಬಹುದು ಎಂದಾದ ಮೇಲೆಯೇ ಹಳೆಯ ಮಾದರಿ 1 ಡಾಲರಿಗೆ ಇಳಿಯಿತು.

ಜಿಲೆಟ್ ರೇಜರ್ ಮನೆಮನೆಗೆ ತಲುಪಲು ಯುದ್ಧವೂ ಕಾರಣವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ಭಯವಿತ್ತು. ಅನಿಲ ತಡೆಯುವ ಮುಖವಾಡ ಕೆನ್ನೆಗೆ ಸರಿಯಾಗಿ ಅಂಟಿ ಕೂರಬೇಕಾದರೆ ಗಡ್ಡ ಇರಬಾರದು. ಅಮೆರಿಕ ಸರ್ಕಾರ ತನ್ನ ಸೈನಿಕರಿಗಾಗಿ 35 ಲಕ್ಷ ರೇಜರುಗಳನ್ನೂ 3 ಕೋಟಿಗೂ ಹೆಚ್ಚು ಬ್ಲೇಡುಗಳನ್ನೂ ಕೊಂಡಿತು. ಯುದ್ಧ ಮುಗಿಸಿ ಮನೆಗೆ ಬಂದ ಯುವಕರು ದಿನವೂ ತಾವೇ ಗಡ್ಡ ಮಾಡಿಕೊಳ್ಳುವ ಅಭ್ಯಾಸವನ್ನೂ ಜೊತೆಗೆ ತಂದರು.

ಬ್ಲೇಡಿನ ಹೊದಿಕೆಯ ಮೇಲೆ ಜಿಲೆಟ್ ಅವರ ಮೀಸೆಯುಳ್ಳ ಮುಖ ಅಚ್ಚಾಗುತ್ತಿತ್ತು. ಕೋಟಿಗಟ್ಟಲೆ ಹೊದಿಕೆಗಳು ಊರೂರಿಗೆ ಹೋದವು. ಅವರು ಪ್ರವಾಸ ಹೋದಲ್ಲಿ ಭಾಷೆ ತಿಳಿಯದ ಜನರೂ ಗುರುತಿಸಿ, ಕೆನ್ನೆಯ ಮೇಲೆ ಬೆರಳೆಳೆದು ತೋರಿಸುತ್ತಿದ್ದರೆಂಬ ಕಥೆಗಳಿವೆ.

ಇನ್ನೊಂದು ಕನಸು

ಇಷ್ಟೆಲ್ಲ ಆದರೂ ಜಿಲೆಟ್ ಅವರ ಮನಸ್ಸು ರೇಜರಿನಲ್ಲೇ ಇರಲಿಲ್ಲ ಎಂದರೆ ಆಶ್ಚರ್ಯವಾಗುತ್ತದೆ. ಬ್ಲೇಡಿನ ಯೋಚನೆ ಬರುವುದಕ್ಕೂ ಒಂದು ವರ್ಷ ಮೊದಲು, 1894ರಲ್ಲಿ, ಅವರು ದಿ ಹ್ಯೂಮನ್ ಡ್ರಿಫ್ಟ್ ಎಂಬ ಪುಸ್ತಕ ಪ್ರಕಟಿಸಿದ್ದರು. ಊರೂರು ಅಲೆದು ಸರಕು ಮಾರಿದ ಅವರಿಗೆ ಪೈಪೋಟಿಯ ದುಂದು ಕಣ್ಣಾರೆ ಕಂಡಿತ್ತು. ಒಂದೇ ಬೀದಿಯಲ್ಲಿ ಒಂದೇ ಸರಕಿಗೆ ಹತ್ತು ಅಂಗಡಿ, ಜಾಹೀರಾತಿಗೆ ಹಣ, ಅಲೆದಾಟಕ್ಕೆ ಹಣ, ಇನ್ನೊಂದು ಕಡೆ ಬಡತನ. ಇದನ್ನೆಲ್ಲ ತಪ್ಪಿಸಲು ದೇಶದ ಎಲ್ಲ ಉದ್ಯಮವೂ ಜನರೇ ಒಡೆಯರಾದ ಒಂದೇ ಸಂಸ್ಥೆಯ ಕೈಯಲ್ಲಿರಬೇಕು ಎಂದು ಅವರು ವಾದಿಸಿದರು. ನಯಾಗರಾ ಜಲಪಾತದ ಹತ್ತಿರ ಮೆಟ್ರೊಪೊಲಿಸ್ ಎಂಬ ಬೃಹತ್ ನಗರ ಕಟ್ಟಬೇಕು, ಅಮೆರಿಕದವರೆಲ್ಲ ಅಲ್ಲಿ ವಾಸಿಸಬೇಕು, ಜಲಪಾತದಿಂದಲೇ ನಗರಕ್ಕೆಲ್ಲ ವಿದ್ಯುತ್ ಬರಬೇಕು ಎಂಬುದು ಅವರ ಯೋಜನೆ.

ಹಣ ಬಂದ ಮೇಲೂ ಈ ಕನಸು ಬಿಡಲಿಲ್ಲ. 1910ರಲ್ಲಿ ಅರಿಜೋನಾದಲ್ಲಿ ವರ್ಲ್ಡ್ ಕಾರ್ಪೊರೇಶನ್ ಎಂಬ ಸಂಸ್ಥೆ ಹುಟ್ಟುಹಾಕಿದರು. ಅದರ ಅಧ್ಯಕ್ಷರಾಗಲು ಮಾಜಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ರೂಸ್‌ವೆಲ್ಟ್ ಒಪ್ಪಲಿಲ್ಲ. 1924ರಲ್ಲಿ ಪ್ರಸಿದ್ಧ ಲೇಖಕ ಅಪ್ಟನ್ ಸಿಂಕ್ಲೇರ್ ಅವರ ನೆರವಿನಿಂದ ಇನ್ನೊಂದು ಪುಸ್ತಕ ತಂದರು. ಅದರಿಂದಲೂ ಲೋಕ ಬದಲಾಗಲಿಲ್ಲ.

ಪೈಪೋಟಿಯನ್ನು ದ್ವೇಷಿಸಿದ ಮನುಷ್ಯ ತಮ್ಮ ಕಂಪನಿಯೊಳಗೇ ಪೈಪೋಟಿಯಲ್ಲಿ ಸೋತರು. ಜಾಯ್ಸ್ ಅವರೊಡನೆ ಬಹಳ ಕಾಲ ತಿಕ್ಕಾಟ ನಡೆದು, 1910ರ ಹೊತ್ತಿಗೆ ತಮ್ಮ ಪಾಲಿನ ಬಹುಭಾಗವನ್ನು ಮಾರಿದರು. ಅಧ್ಯಕ್ಷರೆಂಬ ಹೆಸರು 1931ರವರೆಗೆ ಉಳಿಯಿತು, ಅಧಿಕಾರ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದರು. ಕ್ಯಾಲಬಾಸಸ್ ಬಳಿಯ ಬೆಟ್ಟಗಳಲ್ಲಿ 1928ರ ಸುಮಾರಿಗೆ ದೊಡ್ಡ ಮನೆ ಕಟ್ಟಿಸಿದರು. ಆ ಜಾಗ ಈಗ ಕಿಂಗ್ ಜಿಲೆಟ್ ರಾಂಚ್ ಎಂಬ ಸಾರ್ವಜನಿಕ ಉದ್ಯಾನ. ಲಾಸ್ ಏಂಜಲೀಸ್ ಕಡೆಗೆ ರಜೆಗೆ ಹೋಗುವ ಕುಟುಂಬಗಳು ನೋಡಿಬರಬಹುದು.

ಬ್ಲೇಡಿನ ನಡುವಿನ ಸೀಳು

ಎರಡಲಗಿನ ಬ್ಲೇಡನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ನಡುವೆ ಉದ್ದಕ್ಕೆ ಒಂದು ಸೀಳು ಕಾಣುತ್ತದೆ. ಜಿಲೆಟ್ ಅವರ ಮೊದಲ ಬ್ಲೇಡಿನಲ್ಲಿ ಇದು ಇರಲಿಲ್ಲ, ಮೂರು ದುಂಡು ತೂತುಗಳಿದ್ದವು. ಹೆನ್ರಿ ಗೇಸ್‌ಮನ್ ಎಂಬವರ ಆಟೊಸ್ಟ್ರಾಪ್ ಕಂಪನಿ ಬೇರೆ ಬಗೆಯ ತೂತಿನ ಬ್ಲೇಡನ್ನು ಮಾಡಿತು. ಜಿಲೆಟ್ ಕಂಪನಿ 1930ರಲ್ಲಿ ಸೀಳಿನ ಬ್ಲೇಡು ತಂದಾಗ ಪೇಟೆಂಟಿನ ವಿಷಯಕ್ಕೆ ಜಗಳವಾಯಿತು. ಕೊನೆಗೆ ಎರಡೂ ಕಂಪನಿಗಳು ಒಂದಾದವು. ಆ ಜಗಳದಿಂದ ನಮಗೊಂದು ಉಪಕಾರವಾಯಿತು. ಬ್ಲೇಡಿನ ಅಳತೆ, ಆಕಾರ ಲೋಕಕ್ಕೆಲ್ಲ ಒಂದೇ ಆಯಿತು. ಇಂದಿಗೂ ಜಪಾನಿನ ಬ್ಲೇಡು ಅಮೆರಿಕದ ಹಳೆಯ ರೇಜರಿಗೆ ಕೂರುತ್ತದೆ, ಭಾರತದ ಬ್ಲೇಡು ಜರ್ಮನಿಯ ರೇಜರಿಗೆ ಕೂರುತ್ತದೆ.

ಆದರೆ ಜಿಲೆಟ್ ಅವರಿಗೆ ಆ ಕಾಲ ಒಳ್ಳೆಯದಾಗಿರಲಿಲ್ಲ. 1929ರ ಷೇರುಪೇಟೆಯ ಕುಸಿತದಲ್ಲಿ ಅವರ ಆಸ್ತಿ ಕರಗಿತು. 1932ರ ಜುಲೈ 9ರಂದು, 77ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಹಿಂದಿನ ಸಂಪತ್ತಿನಲ್ಲಿ ಉಳಿದಿದ್ದದ್ದು ಬಹಳ ಕಡಿಮೆ. ಆದರೆ ಅದೇ ದಿನವೂ ಅವರ ಮುಖವಿದ್ದ ಹೊದಿಕೆಯನ್ನು ಬಿಚ್ಚಿ ಲಕ್ಷಾಂತರ ಜನ ಗಡ್ಡ ಮಾಡಿಕೊಂಡಿರಬೇಕು.

ನಮ್ಮ ಊರುಗಳಲ್ಲಿ ಬ್ಲೇಡು

ಅವರ ನಂತರವೂ ಸರಿಯಾದ ಬ್ಲೇಡಿನ ಹುಡುಕಾಟ ನಿಲ್ಲಲಿಲ್ಲ. ಹಳೆಯ ಬ್ಲೇಡುಗಳು ಬೇಗ ತುಕ್ಕು ಹಿಡಿಯುತ್ತಿದ್ದವು. 1962ರಲ್ಲಿ ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ ಸ್ಟೇನ್‌ಲೆಸ್ ಉಕ್ಕಿನ ಬ್ಲೇಡಿನಿಂದ ಹೆಸರು ಮಾಡಿತು, ಜಿಲೆಟ್ ಕಂಪನಿಯೂ ಅದೇ ದಾರಿ ಹಿಡಿಯಬೇಕಾಯಿತು. ಅಂಚಿಗೆ ಕ್ರೋಮಿಯಂ, ಪ್ಲಾಟಿನಂ, ಟೆಫ್ಲಾನ್ ಲೇಪನಗಳು ಬಂದವು.

ಭಾರತದಲ್ಲಿ ಟೋಪಾಜ್, ಪನಾಮಾ, ಸೆವೆನ್ ಓ ಕ್ಲಾಕ್ ಮುಂತಾದ ಹೆಸರುಗಳು ಮನೆಮಾತಾದವು. ಬ್ಲೇಡು ಎಂದರೆ ನಮಗೆ ಗಡ್ಡದ ಸಾಧನ ಮಾತ್ರವಾಗಿರಲಿಲ್ಲ. ಅಪ್ಪ ಬಳಸಿಬಿಟ್ಟ ಬ್ಲೇಡಿನ ಅರ್ಧ ತುಂಡಿನಿಂದ ನಾವು ಪೆನ್ಸಿಲ್ ಚೂಪು ಮಾಡುತ್ತಿದ್ದೆವು, ಅಮ್ಮ ಹೊಲಿಗೆ ಬಿಚ್ಚುತ್ತಿದ್ದರು. ಈ ಪುಟಗಳನ್ನು ಓದುವ ಅನೇಕ ಪೋಷಕರ ಬೆರಳಿನಲ್ಲಿ ಅದರ ಗುರುತು ಈಗಲೂ ಇದ್ದೀತು. ಏಡ್ಸ್ ರೋಗದ ಅರಿವು ಹರಡಿದ ಮೇಲೆ ಕ್ಷೌರದಂಗಡಿಗಳಲ್ಲಿ ಹಳೆಯ ಕತ್ತಿ ಹೋಗಿ, ಒಬ್ಬ ಗಿರಾಕಿಗೆ ಒಂದು ಹೊಸ ಅರ್ಧ ಬ್ಲೇಡು ಎಂಬ ಕ್ರಮ ಬಂತು. ಕಾಗದದ ಹೊದಿಕೆಯಲ್ಲಿದ್ದಂತೆಯೇ ಬ್ಲೇಡನ್ನು ಟಕ್ಕೆಂದು ಎರಡಾಗಿ ಮುರಿದು ಹಿಡಿಗೆ ಸಿಕ್ಕಿಸುವುದನ್ನು ರಜೆಗೆ ಊರಿಗೆ ಹೋದ ಮಕ್ಕಳು ನೋಡಿರುತ್ತಾರೆ. ಎಸೆಯುವ ಬ್ಲೇಡು ಇಲ್ಲಿ ಜೀವ ಉಳಿಸುವ ಕೆಲಸವನ್ನೂ ಮಾಡಿತು.

ಅಮೆರಿಕದಲ್ಲಿ 1971ರಲ್ಲಿ ಜಿಲೆಟ್ ಕಂಪನಿಯೇ ಎರಡು ಬ್ಲೇಡುಗಳ ಕಾರ್ಟ್ರಿಜ್ ತಂದಿತು. ಮುಂದೆ ಅದು ಮೂರಾಯಿತು, ಐದಾಯಿತು, ಬೆಲೆಯೂ ಏರಿತು. ಒಂದು ಕಂಪನಿಯ ಹಿಡಿಗೆ ಇನ್ನೊಂದು ಕಂಪನಿಯ ಕಾರ್ಟ್ರಿಜ್ ಕೂರುವುದಿಲ್ಲ. ಈಚಿನ ವರ್ಷಗಳಲ್ಲಿ ಹಲವರು ಮತ್ತೆ ಅಜ್ಜನ ಕಾಲದ ಎರಡಲಗಿನ ರೇಜರಿನ ಕಡೆಗೆ ತಿರುಗಿದ್ದಾರೆ.

ನಮ್ಮ ಮುಖಕ್ಕೆ ಯಾವ ಬ್ಲೇಡು?

ಹೈಸ್ಕೂಲಿನ ಹಿರಿಯ ಹುಡುಗರು ಮತ್ತು ಅವರ ತಂದೆಯಂದಿರಿಗೆ ಈ ಭಾಗ ಉಪಯೋಗಕ್ಕೆ ಬರಬಹುದು. ಚಿಕ್ಕ ಮಕ್ಕಳು ಮಾತ್ರ ಬ್ಲೇಡನ್ನು ಮುಟ್ಟಬಾರದು.

ಎರಡಲಗಿನ ಬ್ಲೇಡುಗಳೆಲ್ಲ ನೋಡಲು ಒಂದೇ ತರಹ. ದಪ್ಪ ಸುಮಾರು 0.1 ಮಿಲಿಮೀಟರ್. ಆದರೆ ಉಕ್ಕು, ಅಂಚಿನ ಕೋನ, ಲೇಪನ ಬೇರೆ ಬೇರೆ. ಜಪಾನಿನ ಫೆದರ್ ಬಹಳ ಹರಿತ ಎಂದು ಹೆಸರಾಗಿದೆ. ಟರ್ಕಿಯ ಡರ್ಬಿ ಮೃದು ಎನ್ನುತ್ತಾರೆ. ಆಸ್ಟ್ರಾ ಇವೆರಡರ ನಡುವಿನದು ಎನ್ನುವವರು ಹೆಚ್ಚು. ಆದರೆ ಒಬ್ಬರ ಮುಖಕ್ಕೆ ಹಿತವಾದದ್ದು ಇನ್ನೊಬ್ಬರಿಗೆ ಉರಿ ತರಬಹುದು. ಕೂದಲಿನ ದಪ್ಪ, ಚರ್ಮದ ಗುಣ, ರೇಜರಿನ ರಚನೆ, ಕೈಯ ಭಾರ ಎಲ್ಲವೂ ಸೇರುತ್ತವೆ. ಆದ್ದರಿಂದ ಯಾವುದು ಅತ್ಯುತ್ತಮ ಎಂದು ಕೇಳುವುದಕ್ಕಿಂತ ನಮಗೆ ಯಾವುದು ಒಗ್ಗುತ್ತದೆ ಎಂದು ನೋಡುವುದು ಜಾಣತನ.

ಇದಕ್ಕೆ ಮಕ್ಕಳು ಸೈನ್ಸ್ ಫೇರ್‌ನಲ್ಲಿ ಕಲಿತ ನಿಯಮವೇ ಸಾಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ರೇಜರ್ ಅದೇ ಇರಲಿ, ಸೋಪು ಅದೇ ಇರಲಿ, ಸಮಯವೂ ಅದೇ ಇರಲಿ. ನಾಲ್ಕೈದು ಬಗೆಯ ಬ್ಲೇಡುಗಳಿರುವ ಮಾದರಿ ಕಟ್ಟನ್ನು ತಂದು, ಒಂದೊಂದರಿಂದಲೂ ಮೂರು ನಾಲ್ಕು ಸಲ ಗಡ್ಡ ಮಾಡಿ, ಹೇಗಿತ್ತೆಂದು ಪುಸ್ತಕದಲ್ಲಿ ಬರೆದಿಡಬೇಕು. ಕೂದಲನ್ನು ಕತ್ತರಿಸದೆ ಎಳೆದಂತಾದರೆ ಬ್ಲೇಡು ಸಾಲದು ಅಥವಾ ಮೊಂಡಾಗಿದೆ ಎಂದರ್ಥ. ಉರಿಯಾದರೆ ಬ್ಲೇಡನ್ನು ಬೈಯುವ ಮೊದಲು ಕೈಯ ಭಾರವನ್ನು ನೋಡಿಕೊಳ್ಳಬೇಕು. ಈ ರೇಜರನ್ನು ಒತ್ತಬಾರದು, ಅದರ ತೂಕವೇ ಸಾಕು. ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಾಗಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ನಮ್ಮವರ ಗಡ್ಡ ಸಾಮಾನ್ಯವಾಗಿ ದಪ್ಪ. ಗುಂಗುರು ಇದ್ದರೆ ಎದುರು ದಿಕ್ಕಿಗೆ ಎಳೆದಾಗ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಯಾಗುತ್ತದೆ.

ನೀರನ್ನೂ ಮರೆಯಬಾರದು. ಮೆಕಿನ್ನಿಗೆ ಲವಾನ್ ಸರೋವರ ಮುಂತಾದ ಕಡೆಗಳಿಂದ ಬರುವ ನೀರು ಸ್ವಲ್ಪ ಗಡಸು. ಬೆಂಗಳೂರಿನ ಕೊಳವೆಬಾವಿ ನೀರಿನ ಅನುಭವ ಇರುವವರಿಗೆ ಇದು ಹೊಸದಲ್ಲ. ಗಡಸು ನೀರಿನಲ್ಲಿ ಸೋಪು ಚೆನ್ನಾಗಿ ನೊರೆಯಾಗುವುದಿಲ್ಲ. ಸೋಪನ್ನು ಸ್ವಲ್ಪ ಹೆಚ್ಚು ತೆಗೆದುಕೊಂಡು, ಸ್ನಾನವಾದ ಮೇಲೆ ಕೂದಲು ಮೆತ್ತಗಿರುವಾಗ ಗಡ್ಡ ಮಾಡಿದರೆ ಒಳ್ಳೆಯದು. ಊರಿಗೆ ವಿಮಾನದಲ್ಲಿ ಹೋಗುವಾಗ ಬ್ಲೇಡುಗಳನ್ನು ಕೈಚೀಲದಲ್ಲಿ ಇಡುವಂತಿಲ್ಲ, ಚೆಕ್ ಇನ್ ಪೆಟ್ಟಿಗೆಯಲ್ಲಿ ಇಡಬೇಕು.

ಉಕ್ಕಿನ ಬ್ಲೇಡು ಮೆತ್ತನೆಯ ಕೂದಲಿಗೆ ಸೋತು ಮೊಂಡಾಗುವುದು ಯಾಕೆ ಎಂದು ಯಾರಾದರೂ ಯೋಚಿಸಿದ್ದೀರಾ? ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. 2020ರಲ್ಲಿ ಎಂ.ಐ.ಟಿ. ವಿಜ್ಞಾನಿಗಳು ಇದಕ್ಕೆ ಉತ್ತರ ಕಂಡರು. ಅಂಚು ಬರೀ ಸವೆಯುವುದಿಲ್ಲ. ಕೂದಲು ಬಾಗಿದಾಗ, ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಕಡೆ ಅಂಚಿನಿಂದ ಸೂಕ್ಷ್ಮ ಚೂರುಗಳು ಎದ್ದುಹೋಗುತ್ತವೆ. ಜಿಲೆಟ್ ಅವರಿಗೆ ಆಗದು ಎಂದಿದ್ದ ಸಂಸ್ಥೆಯಲ್ಲೇ ನೂರಿಪ್ಪತ್ತು ವರ್ಷಗಳ ನಂತರವೂ ಬ್ಲೇಡಿನ ಅಧ್ಯಯನ ನಡೆದಿದೆ ಎಂದರೆ, ಚಿಕ್ಕ ವಸ್ತುವಿನಲ್ಲೂ ಎಷ್ಟು ವಿಜ್ಞಾನ ಅಡಗಿದೆ ನೋಡಿ.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಹಿಂದೆ ಅಮೆರಿಕದ ಮನೆಗಳಲ್ಲಿ ಬಚ್ಚಲುಮನೆಯ ಔಷಧಿ ಕಪಾಟಿನ ಹಿಂಬದಿಯಲ್ಲಿ ಒಂದು ಸಣ್ಣ ಸೀಳು ಇರುತ್ತಿತ್ತು. ಹಳೆಯ ಬ್ಲೇಡನ್ನು ಅದರೊಳಗೆ ತಳ್ಳಿದರೆ ಗೋಡೆಯ ಪೊಳ್ಳಿನೊಳಗೆ ಬೀಳುತ್ತಿತ್ತು. ಅಲ್ಲಿಗೆ ಮುಗಿಯಿತು ಎಂದು ಜನ ತಿಳಿದಿದ್ದರು. ಈಗ ಹಳೆಯ ಮನೆಗಳನ್ನು ಕೆಡವುವಾಗ ಗೋಡೆಯಿಂದ ರಾಶಿ ರಾಶಿ ಬ್ಲೇಡುಗಳು ಉದುರುತ್ತವೆ. ಎಸೆದ ವಸ್ತು ಎಲ್ಲಿಗೂ ಹೋಗಿರುವುದಿಲ್ಲ, ನಮ್ಮ ಕಣ್ಣಿಗೆ ಕಾಣದಿರುತ್ತದೆ ಅಷ್ಟೇ.

ಜಿಲೆಟ್ ಅವರ ಬದುಕಿನ ದೊಡ್ಡ ಪ್ರಶ್ನೆಯೂ ಇಲ್ಲೇ ಇದೆ. ದುಂದಿಲ್ಲದ ಲೋಕವನ್ನು ಕನಸು ಕಂಡವರು ಅವರು. ಬಳಸಿ ಎಸೆಯುವುದನ್ನು ಲೋಕಕ್ಕೆ ಕಲಿಸಿದವರೂ ಅವರೇ. ಎರಡರಲ್ಲೂ ಅವರಿಗೆ ಪ್ರಾಮಾಣಿಕ ನಂಬಿಕೆಯಿತ್ತು. ಪ್ಲಾಸ್ಟಿಕ್ಕೂ ಲೋಹವೂ ಬೆರೆತ ಕಾರ್ಟ್ರಿಜ್‌ಗಳನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ. ಅವರ ಆ ಹಳೆಯ ಬ್ಲೇಡಾದರೆ ಬರೀ ಉಕ್ಕು. ಖಾಲಿ ಡಬ್ಬಿಯೊಂದರ ಮುಚ್ಚಳಕ್ಕೆ ಸೀಳು ಮಾಡಿ ಬಳಸಿದ ಬ್ಲೇಡುಗಳನ್ನು ಅದರಲ್ಲಿ ಕೂಡಿಟ್ಟರೆ ಕಸ ಎತ್ತುವವರ ಕೈಗೆ ಗಾಯವಾಗುವುದಿಲ್ಲ. ಒಂದು ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಲೋಹ ಕೊಳ್ಳುವವರು ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಬಹುದು.

ಎಲ್ಲರಿಗೂ ಒಂದೇ ನಗರ, ಒಂದೇ ಸಂಸ್ಥೆ ಸಾಕು ಎಂದು ಜಿಲೆಟ್ ನಂಬಿದ್ದರು. ಅವರ ಬ್ಲೇಡೇ ಬೇರೆ ಮಾತು ಹೇಳುತ್ತದೆ. ಅಳತೆ ಎಲ್ಲರಿಗೂ ಒಂದೇ ಇರಬಹುದು, ಒಗ್ಗುವುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಕಂಡುಕೊಳ್ಳಲು ತಾಳ್ಮೆ ಬೇಕು. ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಒಂದು ಬೆಳಿಗ್ಗೆ ಹೊಳೆದ ವಿಚಾರಕ್ಕೆ ರೂಪ ಬರಲು ಆರು ವರ್ಷ ಹಿಡಿಯಿತು, ನಿಕರ್‌ಸನ್ ಅವರಂಥವರ ಕೈ ಬೇಕಾಯಿತು, ಮೊದಲ ವರ್ಷದ 51 ರೇಜರುಗಳ ನಿರಾಸೆಯನ್ನು ನುಂಗಬೇಕಾಯಿತು. ಮಕ್ಕಳೇ, ಓದಿನಲ್ಲಾಗಲಿ, ಆಟದಲ್ಲಾಗಲಿ, ಕನ್ನಡ ಕಲಿಯುವುದರಲ್ಲಾಗಲಿ ಮೊದಲ ಪ್ರಯತ್ನಕ್ಕೆ ಫಲ ಸಿಗದಿದ್ದರೆ ಈ ಅಲೆಮಾರಿ ಮಾರಾಟಗಾರರನ್ನು ಒಮ್ಮೆ ನೆನೆಯಿರಿ.